ಮನೆಯಲ್ಲಿ ಸರಿ ಬರುವ ಆಲ್ಟೊ ಕ್ವಾಯರ್‌ನಲ್ಲಿ ಯಾಕೆ ಜಾರುತ್ತದೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಪ್ರೈಮರಿ ಶಾಲೆ ಟೀಚರ್. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೇನೆ. ಈಗಲೂ ಬೆಳಿಗ್ಗೆ ತಂಬೂರಿ ಆ್ಯಪ್ ಅನ್ನು ಐದೂವರೆ ಶ್ರುತಿಗೆ (ಜಿ ಶಾರ್ಪ್) ಇಟ್ಟು ಸ್ವಲ್ಪ ಹೊತ್ತು ಸಾಧನೆ ಮಾಡುತ್ತೇನೆ. ಈ ವರ್ಷ ಮೈಸೂರಿನ ಒಂದು ಕ್ವಾಯರ್‌ಗೆ ಸೇರಿದೆ. ಶನಿವಾರ ಸಂಜೆ ಪ್ರಾಕ್ಟೀಸ್. ರೈಲಿನಲ್ಲಿ ಹೋಗಿ ಬರುತ್ತೇನೆ. ನನ್ನನ್ನು ಆಲ್ಟೊಗೆ, ಅಂದರೆ ಹೆಂಗಸರ ಕೆಳಗಿನ ದನಿಗೆ, ಹಾಕಿದ್ದಾರೆ. ಕ್ರಿಸ್‌ಮಸ್ ಹಾಡುಗಳಲ್ಲಿ ಹೆಚ್ಚಿನವು ಡಿ ಮೇಜರ್‌ನಲ್ಲಿವೆ. ಮನೆಯಲ್ಲಿ ಒಬ್ಬಳೇ ಹಾಡಿದರೆ ಎಲ್ಲ ಸರಿ ಬರುತ್ತದೆ. ಶನಿವಾರ ಎಲ್ಲರ ಜೊತೆ ನಿಂತರೆ ಎರಡು ಸಾಲು ಮುಗಿಯುವುದರೊಳಗೆ ಹೆಂಗಸರ ಮೇಲಿನ ದನಿಯಾದ ಸೊಪ್ರಾನೊ ಕಡೆ ಹೊರಟುಹೋಗುತ್ತೇನೆ. ಅದಕ್ಕೇ ಮನೆಯಲ್ಲಿ ಇನ್ನೂ ಜಾಸ್ತಿ ಹಾಡಲು ಶುರು ಮಾಡಿದೆ. ಈಗ ಗುರುವಾರದ ಹೊತ್ತಿಗೆ ಗಂಟಲು ಕಟ್ಟುತ್ತಿದೆ. ಬಿಸಿನೀರು, ಮೆಣಸಿನ ಕಷಾಯ ಎಲ್ಲ ನೋಡಾಯ್ತು. ನಮ್ಮದು ಬಾಡಿಗೆ ಮನೆ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ರಾತ್ರಿ ಗಟ್ಟಿಯಾಗಿ ಹಾಡುವ ಹಾಗಿಲ್ಲ. "ಇದೇನಮ್ಮಾ, ರಾಗವೇ ಇಲ್ಲದ ಹಾಡು" ಅಂತ ಅತ್ತೆ ಕೇಳುತ್ತಾರೆ. ಎಂಟು ವರ್ಷದ ಮಗ ಮಾತ್ರ ಸೊಪ್ರಾನೊ ದನಿಯನ್ನು ಕೇಳಿ ಕೇಳಿ ಕಲಿತುಬಿಟ್ಟಿದ್ದಾನೆ. ನನಗೆ ಸ್ಟಾಫ್ ನೊಟೇಶನ್, ಅಂದರೆ ಗೆರೆಗಳ ಮೇಲೆ ಚುಕ್ಕೆ ಇಟ್ಟು ಬರೆಯುವ ಸ್ವರಲಿಪಿ, ಓದಲು ಬರುವುದಿಲ್ಲ. ಕರ್ನಾಟಕ ಸಂಗೀತದ ಸಾಧನೆ ನಿಲ್ಲಿಸಿದರೆ ಆಲ್ಟೊ ಸರಿಹೋಗುತ್ತದೆ ಎಂದು ಜೊತೆಯವರೊಬ್ಬರು ಹೇಳಿದರು. ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ ಮೇಡಂ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಅದೇ ಭಯ ಜಾಸ್ತಿ ಕಾಣುತ್ತಿದೆ. ಮೈಸೂರಿನಲ್ಲಿ ಕ್ವಾಯರ್ ಹಾಡಿಸುವ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಕರ್ನಾಟಕ ಸಂಗೀತ ಕಲಿತವರೇ. ಶ್ರುತಿ ಕೇಳಿಸಿಕೊಳ್ಳುವ ಕಿವಿ ಅವರಿಗೆ ಮೊದಲೇ ಇರುತ್ತದೆ. ಅದನ್ನು ಕಳೆದುಕೊಂಡು ಆಲ್ಟೊ ಕಲಿಯುವ ಅಗತ್ಯವಿಲ್ಲ. ಈ ಎರಡು ಸಂಗೀತ ಒಂದೇ ತಲೆಯಲ್ಲಿ ಇರಲಾರವು ಅನ್ನುವ ಮಾತು ಮೈಸೂರಿನಲ್ಲಂತೂ ನಿಲ್ಲುವುದಿಲ್ಲ. ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು, ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಸಂಗೀತ ಲಂಡನ್ನಿನಲ್ಲಿ ಧ್ವನಿಮುದ್ರಣವಾಗಲು ಹಣ ಕೊಟ್ಟವರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರೂ ಅವರೇ.

ನಿಮ್ಮ ತೊಂದರೆ ಎರಡು, ಒಂದಲ್ಲ. ದನಿ ಸೊಪ್ರಾನೊ ಕಡೆ ಜಾರುವುದು ಒಂದು. ಗಂಟಲು ಕಟ್ಟುವುದು ಇನ್ನೊಂದು. ಜಾರಿಕೆಗೆ ಮದ್ದು ಅಂತ ನೀವು ಹುಡುಕಿಕೊಂಡ ದಾರಿ, ಅಂದರೆ ಇನ್ನೂ ಜಾಸ್ತಿ ಹಾಡುವುದು, ಎರಡನೆಯದನ್ನು ತಂದಿಟ್ಟಿದೆ. ಮೊದಲನೆಯದಕ್ಕೆ ಅದರಿಂದ ಏನೂ ಲಾಭವಾಗಿಲ್ಲ.

ಮನೆಯಲ್ಲಿ ಒಬ್ಬರೇ ಹಾಡಿದಾಗ ಸರಿ ಬರುತ್ತದೆ ಅಂದಿರಲ್ಲ, ಅಲ್ಲೇ ಇದೆ ವಿಷಯ. ಆಲ್ಟೊವನ್ನು ನೀವು ಒಂದು ಪ್ರತ್ಯೇಕ ಹಾಡು ಅಂತ ಕಲಿತಿದ್ದೀರಿ. ಶನಿವಾರ ಅದನ್ನು ಇನ್ನೂ ಮೂರು ದನಿಗಳ ನಡುವೆ (ಸೊಪ್ರಾನೊ, ಗಂಡಸರ ಮೇಲಿನ ದನಿ ಟೆನರ್, ಕೆಳಗಿನ ದನಿ ಬೇಸ್) ಹಾಡಬೇಕು. ಆ ಕೆಲಸವನ್ನು ಮನೆಯಲ್ಲಿ ಒಂದು ದಿನವೂ ಮಾಡಿಲ್ಲ. ನೂರು ಸಲ ಒಬ್ಬರೇ ಹಾಡಿದರೂ ಅದು ಬರುವುದಿಲ್ಲ. ಜೊತೆಗೆ, ಕಿವಿಗೆ ಒಂದು ಸ್ವಭಾವವಿದೆ. ಹಲವು ದನಿ ಒಟ್ಟಿಗೆ ಕೇಳಿದರೆ ಅದು ಎಲ್ಲಕ್ಕಿಂತ ಮೇಲಿರುವ ದನಿಯನ್ನು ಹಿಡಿದುಕೊಳ್ಳುತ್ತದೆ. ಹಾಡಿನ ಮುಖ್ಯ ಧಾಟಿ ಸಾಮಾನ್ಯವಾಗಿ ಆ ಮೇಲಿನ ದನಿಯಲ್ಲೇ ಇರುತ್ತದೆ. ನಿಮ್ಮ ಕಿವಿ ತಪ್ಪು ಮಾಡುತ್ತಿಲ್ಲ, ಎಲ್ಲ ಕಿವಿಗಳೂ ಮಾಡುವ ಕೆಲಸವನ್ನೇ ಮಾಡುತ್ತಿದೆ.

ಒಂದು ಸಣ್ಣ ತುಣುಕು ತೆಗೆದುಕೊಂಡು ನೋಡೋಣ. ಸೊಪ್ರಾನೊ ಪ ದ ಪ ಗ ಅಂತ ಹೋಗುತ್ತದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಆಲ್ಟೊ ಗ ಮ ಗ ಸ. ಮೊದಲ ಮೂರು ಸ್ವರ ಯಾರೂ ತಪ್ಪುವುದಿಲ್ಲ. ನಾಲ್ಕನೆಯದರಲ್ಲಿ ಎಡವುತ್ತಾರೆ. ಯಾಕೆ ಗೊತ್ತಾ? ಆಲ್ಟೊ ಗ ಬಿಟ್ಟು ಸ ಗೆ ಇಳಿಯಬೇಕಾದ ಕ್ಷಣದಲ್ಲೇ ಸೊಪ್ರಾನೊ ಪ ಬಿಟ್ಟು ಗ ಗೆ ಬರುತ್ತದೆ. ಅಂದರೆ ನೀವು ಬಿಡಬೇಕಾದ ಸ್ವರಕ್ಕೇ ಪಕ್ಕದವರು ಬಂದು ನಿಲ್ಲುತ್ತಾರೆ. ನಿಮ್ಮ ಬಾಯಲ್ಲಿ ಆಗಲೇ ಗ ಇದೆ, ಕಿವಿಗೂ ಗಟ್ಟಿಯಾಗಿ ಗ ಕೇಳುತ್ತಿದೆ. ಅಲ್ಲೇ ಉಳಿದುಬಿಡುತ್ತೀರಿ. ಅಲ್ಲಿಂದ ಮುಂದೆ ನೀವು ಸೊಪ್ರಾನೊ.

ಹೀಗೆ ದನಿಗಳು ಸ್ವರ ಬದಲಾಯಿಸಿಕೊಳ್ಳುವ ಜಾಗ ಒಂದು ಪುಟದಲ್ಲಿ ಮೂರೋ ನಾಲ್ಕೋ ಇರುತ್ತವೆ, ಅಷ್ಟೇ. ನೀವು ಜಾರುವುದು ಅಲ್ಲೇ. ಉಳಿದ ಸಾಲುಗಳನ್ನು ದಿನಾ ಹಾಡುವುದು ಗಂಟಲಿಗೆ ದುಡಿಮೆ, ಹಾಡಿಗೆ ಲಾಭವಿಲ್ಲ. ಶನಿವಾರ ಜಾರಿದ ಜಾಗಕ್ಕೆ ಅಲ್ಲೇ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಕೊಳ್ಳಿ. ವಾರವಿಡೀ ಆ ಸುತ್ತುಗಳ ಮೇಲೆ ಕೆಲಸ ಮಾಡಿ. ಮೇಲಿನ ತುಣುಕನ್ನೇ ಹೇಳುವುದಾದರೆ, ಗ ಇಂದ ಸ ಗೆ ಇಳಿಯುವ ಎರಡು ಸ್ವರ ಮಾತ್ರ ಹಾಡಿ. ಆಮೇಲೆ ಕೀಬೋರ್ಡ್‌ನಲ್ಲಿ ಸೊಪ್ರಾನೊದ ಪ ಮತ್ತು ಗ ನುಡಿಸುತ್ತಾ ನೀವು ಗ ಸ ಹಾಡಿ. ಕೀಬೋರ್ಡ್ ಇಲ್ಲದಿದ್ದರೆ ಫೋನಿನ ಪಿಯಾನೊ ಆ್ಯಪ್ ಸಾಕು. ಅದು ಗಟ್ಟಿಯಾದ ಮೇಲೆ ನಾಲ್ಕೂ ಸ್ವರ. ಕೊನೆಗೆ ಪೂರ್ತಿ ಸಾಲು. ಹಾಡಿನ ಮೊದಲಿನಿಂದ ಶುರು ಮಾಡುವ ಅಭ್ಯಾಸ ಬಿಟ್ಟುಬಿಡಿ. ದಿನಾ ಮೊದಲಿನಿಂದ ಹಾಡಿದವರಿಗೆ ಮೊದಲ ಪುಟ ಮಾತ್ರ ಚೆನ್ನಾಗಿ ಬರುತ್ತದೆ.

ಈಗ ನಿಮ್ಮ ಐದೂವರೆ ಶ್ರುತಿಯ ವಿಷಯ. ಜೊತೆಯವರು ಹೇಳಿದ ಮಾತಿನಲ್ಲಿ ಸ್ವಲ್ಪ ನಿಜ ಇರುವುದು ಇಲ್ಲಿ ಮಾತ್ರ.

ಕರ್ನಾಟಕ ಸಂಗೀತದಲ್ಲಿ ನಿಮ್ಮ ಸ ಒಂದೇ ಕಡೆ ಇರುತ್ತದೆ. ಯಾವ ರಾಗ ಹಾಡಿದರೂ ಅದು ಕದಲುವುದಿಲ್ಲ. ಕ್ವಾಯರ್‌ನಲ್ಲಿ ಹಾಡು ಬದಲಾದರೆ ಸ ಬದಲಾಗುತ್ತದೆ. ಡಿ ಮೇಜರ್ ಅಂದರೆ ಎರಡರ ಶ್ರುತಿ. ಎರಡರ ಸ ನಿಮ್ಮ ಐದೂವರೆಯಲ್ಲಿ ಎಲ್ಲಿ ಬೀಳುತ್ತದೆ ನೋಡಿ. ಸರಿಯಾಗಿ ಪ್ರತಿಮಧ್ಯಮದ (ಎರಡು ಮ ಗಳಲ್ಲಿ ಮೇಲಿನದು) ಮೇಲೆ! ಆ ಹಾಡಿನಲ್ಲಿ ಆಲ್ಟೊ ಇಳಿದು ಹೋಗುವ ಕೆಳಗಿನ ಪ ನಿಮ್ಮ ಮಧ್ಯಸ್ಥಾಯಿ ಸ ಗಿಂತ ಅರ್ಧ ಸ್ವರ ಮಾತ್ರ ಮೇಲಿದೆ. ವರ್ಷಗಟ್ಟಲೆ ಸಾಧನೆ ಮಾಡಿದ ಗಂಟಲು ಆ ಜಾಗಕ್ಕೆ ಬಂದಾಗ "ಇದು ನಮ್ಮ ಸ" ಅಂದುಕೊಂಡು ಅರ್ಧ ಸ್ವರ ಕೆಳಗೆ ಕೂರಲು ನೋಡುತ್ತದೆ. ನಿಮ್ಮ ಕ್ವಾಯರ್ ಮಾಸ್ಟರ್ "ಆಲ್ಟೊ, ಫ್ಲ್ಯಾಟ್ ಆಗ್ತಿದೆ" ಅಂತ ಕೂಗುವ ಜಾಗ ಇದೇ ಇದ್ದರೂ ಇರಬಹುದು. ಗಮನಿಸಿ ನೋಡಿ.

ಇದಕ್ಕೆ ಪರಿಹಾರ ನಿಮ್ಮ ತಂಬೂರಿ ಆ್ಯಪ್‌ನಲ್ಲೇ ಇದೆ. ಬೆಳಗಿನ ಸಾಧನೆ ಐದೂವರೆಗೇ ಇರಲಿ. ಅದು ಮುಗಿದ ಕೂಡಲೇ ಕ್ವಾಯರ್ ಹಾಡು ಎತ್ತಿಕೊಳ್ಳಬೇಡಿ. ನಡುವೆ ತಿಂಡಿ ಆಗಲಿ, ಬೇರೆ ಕೆಲಸ ಆಗಲಿ. ಆಮೇಲೆ ಶ್ರುತಿಯನ್ನು ಎರಡಕ್ಕೆ ಬದಲಾಯಿಸಿ, ಮೊದಲು ಸುಮ್ನೆ ಕೇಳಿ. ಸ, ಪ, ಮೇಲಿನ ಸ, ಮತ್ತೆ ಪ, ಸ, ಕೆಳಗಿನ ಪ. ಇಷ್ಟು ನಿಧಾನವಾಗಿ ಹಾಡಿದರೆ ಹೊಸ ಮನೆಯ ಗೋಡೆಗಳು ಎಲ್ಲಿವೆ ಅಂತ ಕಿವಿಗೆ ತಿಳಿಯುತ್ತದೆ. ಆಮೇಲೆ ಸರಳೆ, ಜಂಟಿ ವರಸೆ ಒಂದೆರಡು ಹಾಡಿ. ಆದರೆ ನಾವೆಲ್ಲ ಕಲಿತ ಮಾಯಾಮಾಳವಗೌಳದಲ್ಲಿ ಬೇಡ, ಶಂಕರಾಭರಣದ ಸ್ವರಗಳಲ್ಲಿ ಹಾಡಿ. ಮೇಜರ್ ಸ್ಕೇಲ್‌ನ ಸ್ವರಗಳು ಅವೇ. ಮುಂದೆ ಮೈನರ್ ಹಾಡು ಬಂದರೆ ನಠಭೈರವಿ, ಕೆಲವು ಕಡೆ ಕೀರವಾಣಿ. ಸ್ವರಗಳನ್ನು ಗಮಕವಿಲ್ಲದೆ ನೇರವಾಗಿ ನಿಲ್ಲಿಸಿ. ನಿಮ್ಮ ಕೈಲಿರುವ ವಿದ್ಯೆಯಲ್ಲಿ ಕ್ವಾಯರ್‌ಗೆ ಒಗ್ಗದ್ದು ಅದೊಂದೇ. ಕೆಳಗಿನಿಂದ ಜಾರುತ್ತಾ ಸ್ವರಕ್ಕೆ ಬರುವುದು ಕೃತಿಯಲ್ಲಿ ಸೊಗಸು. ನಾಲ್ಕು ದನಿ ಒಂದೇ ಕ್ಷಣಕ್ಕೆ ಕೂಡಬೇಕಾದಾಗ ಅದು ಕಲಸಿಹೋಗುತ್ತದೆ.

ತಂಬೂರಿಯಲ್ಲಿ ಇನ್ನೊಂದು ಲಾಭವಿದೆ. ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ (ಶಂಕರಾಭರಣದ ಗ) ತಾನಾಗಿ ಕೇಳುತ್ತದೆ, ನಿಮಗೆ ಗೊತ್ತಿರುತ್ತದೆ. ಕೀಬೋರ್ಡಿನ ಗ ಅದಕ್ಕಿಂತ ಒಂದು ಕೂದಲು ಮೇಲಿರುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು. ಆಲ್ಟೊಗೆ ಈ ಗ ಬಹಳ ಸಲ ಬರುತ್ತದೆ. ವಾದ್ಯವಿಲ್ಲದೆ ಹಾಡುವ ಹಾಡಾದರೆ ತಂಬೂರಿಯ ಗ ಗೆ ಕಿವಿ ಕೊಡಿ, ಕೂಡುದನಿ ನಿರಾಳವಾಗಿ ಕೂರುತ್ತದೆ. ಆರ್ಗನ್ನೋ ಕೀಬೋರ್ಡೋ ಜೊತೆಗಿದ್ದರೆ ಅದು ಹೇಳಿದ ಹಾಗೆ ಹೋಗಿ. ತಂಬೂರಿಗೆ ಒಂದು ಮಿತಿಯೂ ಇದೆ. ಹಾಡು ನಡುವೆ ಬೇರೆ ಕೀಗೆ, ಅಂದರೆ ಬೇರೆ ಸ ಗೆ, ಹೊರಳಿದರೆ ಅದು ಹಳೆಯ ಸ ದಲ್ಲೇ ಕೂತಿರುತ್ತದೆ. ಆ ಸಾಲುಗಳಿಗೆ ಆಫ್ ಮಾಡಿಬಿಡಿ.

ಸ್ಟಾಫ್ ನೊಟೇಶನ್ ಬರದೇ ಹೋದರೆ ಕ್ವಾಯರ್‌ನಲ್ಲಿ ಉಳಿಗಾಲವಿಲ್ಲ ಅನ್ನುವುದು ಸುಳ್ಳು. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಸಾರಾ ಗ್ಲೋವರ್ ಶುರು ಮಾಡಿ ಜಾನ್ ಕರ್ವೆನ್ ಬೆಳೆಸಿದ ಟಾನಿಕ್ ಸೋಲ್ಫಾ ಪದ್ಧತಿ ಇರುವುದೇ ಗೆರೆ ಓದಲು ಬಾರದವರಿಗಾಗಿ. ಮಿಷನರಿಗಳ ಜೊತೆ ಅದು ನಮ್ಮ ದೇಶಕ್ಕೂ ಬಂತು. ಮಿಜೋರಾಂನ ದೊಡ್ಡ ದೊಡ್ಡ ಕ್ವಾಯರ್‌ಗಳು ಇವತ್ತಿಗೂ ಸೋಲ್ಫಾ ನೋಡಿಕೊಂಡೇ ನಾಲ್ಕು ದನಿ ಹಾಡುತ್ತವೆ. ದೊ ರೆ ಮಿ ಫಾ ಸೋ ಲಾ ತಿ ಅಂದರೆ ನಿಮ್ಮ ಸ ರಿ ಗ ಮ ಪ ದ ನಿ. ದೊ ಕೂಡ ಹಾಡಿನ ಜೊತೆ ಜಾಗ ಬದಲಾಯಿಸುತ್ತದೆ. ನಿಮ್ಮ ಪ್ರತಿಯಲ್ಲಿ ಆಲ್ಟೊ ಸಾಲಿನ ಕೆಳಗೆ ಕನ್ನಡದಲ್ಲೇ ಸರಿಗಮ ಬರೆದುಕೊಳ್ಳಿ. ಗೊತ್ತಿರುವವರ ಹತ್ತಿರ ಒಂದು ಸಲ ತೋರಿಸಿ ಸರಿ ಇದೆಯಾ ಅಂತ ಕೇಳಿಕೊಳ್ಳಿ. ತಪ್ಪು ಬರೆದುಕೊಂಡು ಕಲಿತರೆ ತಿದ್ದುವುದು ಕಷ್ಟ. ಗೆರೆಗಳನ್ನು ಪೂರ್ತಿ ಬಿಡಲೂಬೇಡಿ. ಚುಕ್ಕೆ ಮೇಲೆ ಹೋಯಿತಾ ಕೆಳಗೆ ಬಂತಾ, ಒಂದು ಮೆಟ್ಟಿಲಾ ಜಿಗಿತವಾ, ಅಷ್ಟು ಕಣ್ಣಿಗೆ ಹೊಳೆದರೆ ಈ ಡಿಸೆಂಬರ್‌ಗೆ ಸಾಕು.

ಹಾಗಾದರೆ ಬೇರೆ ದನಿಗಳ ಜೊತೆ ಮನೆಯಲ್ಲಿ ಹಾಡುವುದು ಹೇಗೆ?

ಜನ ಮೊದಲು ಮಾಡುವುದು ಯೂಟ್ಯೂಬ್‌ನಲ್ಲಿ ಆ ಹಾಡು ಹುಡುಕಿ ಅದರ ಜೊತೆ ಹಾಡುವುದು. ನಾನು ಇದನ್ನು ಕೊನೆಗೆ ಇಡುತ್ತೇನೆ. ಬೇರೆ ಕ್ವಾಯರ್ ಬೇರೆ ಕೀಯಲ್ಲಿ ಹಾಡಿರಬಹುದು, ಒಳದನಿಗಳ ಜೋಡಣೆಯೇ ಬೇರೆ ಇರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಕೇಳುವುದು ಸೊಪ್ರಾನೊ ಮಾತ್ರ. ಯಾವುದರಿಂದ ತಪ್ಪಿಸಿಕೊಳ್ಳಬೇಕೋ ಅದನ್ನೇ ಕಿವಿಗೆ ತುಂಬಿದ ಹಾಗಾಗುತ್ತದೆ. ಹಾಡಿನ ಒಟ್ಟು ನಡೆ ತಿಳಿಯಲು ಒಂದೆರಡು ಸಲ ಕೇಳಿ, ಸಾಕು.

ಎರಡನೆಯದು ಆಲ್ಟೊ ಒಂದೇ ಇರುವ ಪ್ರಾಕ್ಟೀಸ್ ಟ್ರ್ಯಾಕ್. ಕ್ವಾಯರ್ ಮಾಸ್ಟರ್ ಕೀಬೋರ್ಡ್‌ನಲ್ಲಿ ನುಡಿಸಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರಲ್ಲ, ಅದು. ಹಾಡು ಹೊಸದಾಗಿರುವಾಗ ಒಳ್ಳೆಯದು. ವಾರಗಟ್ಟಲೆ ಅದರ ಜೊತೆಯೇ ಹಾಡಿದರೆ ಅದು ಊರುಗೋಲಾಗುತ್ತದೆ. ಟ್ರ್ಯಾಕ್ ಒಂದು ಕ್ಷಣ ಮುಂದಿರುತ್ತದೆ, ನೀವು ಹಿಂದಿನಿಂದ ಹಿಡಿಯುತ್ತೀರಿ, ನಿಮಗೇ ಗೊತ್ತಾಗುವುದಿಲ್ಲ. ಶನಿವಾರ ಪಕ್ಕದ ಗಟ್ಟಿ ದನಿಯ ಆಲ್ಟೊ ಬರದೇ ಹೋದ ದಿನ ಬಾಯಿ ಕಟ್ಟುತ್ತದೆ. ಹಾಗಾಗಿ ಒಂದು ಸಾಲು ಕೇಳಿ, ನಿಲ್ಲಿಸಿ, ಟ್ರ್ಯಾಕ್ ಇಲ್ಲದೆ ಹಾಡಿ, ಮತ್ತೆ ಹಾಕಿ ಸರಿ ಇತ್ತಾ ಅಂತ ನೋಡಿ.

ಮೂರನೆಯದು ಪ್ರಾಕ್ಟೀಸ್ ನಡೆಯುವಾಗ ರೆಕಾರ್ಡ್ ಮಾಡಿಕೊಳ್ಳುವುದು. ಮಾಸ್ಟರನ್ನು ಕೇಳಿಯೇ ಮಾಡಿ. ಫೋನನ್ನು ನಿಮ್ಮ ಹತ್ತಿರ ಇಡದೆ ಬೇಸ್ ಹಾಡುವವರ ಹತ್ತಿರ ಇಡಿ. ಆಗ ಮನೆಯಲ್ಲಿ ಹಾಡಲು ನಿಮಗೆ ಕೆಳಗಿನ ದನಿ ಸಿಗುತ್ತದೆ. ಕರ್ನಾಟಕ ಸಂಗೀತ ಕಲಿತವರು ಬೇಸ್ ಜೊತೆ ಬೇಗ ನಿಲ್ಲುತ್ತಾರೆ. ಆಧಾರ ಕೆಳಗಿರುವುದು ಅವರಿಗೆ ಅಭ್ಯಾಸ. ಬೇಸ್ ಜೊತೆ ಗಟ್ಟಿಯಾದ ಮೇಲೆ ಸೊಪ್ರಾನೊ ಜೊತೆ. ಈ ಅನುಕ್ರಮ ತಪ್ಪಿಸಬೇಡಿ. ಆದರೆ ಶುರುವಿನ ವಾರಗಳ ರೆಕಾರ್ಡಿಂಗ್‌ನಲ್ಲಿ ಎಲ್ಲರ ತಪ್ಪುಗಳೂ ಇರುತ್ತವೆ. ಮಾಸ್ಟರ್ ತಿದ್ದಿದ ಮೇಲೆ ಹಾಡಿದ್ದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿಬಿಡಿ.

ಫೋನ್ ಕರೆಯಲ್ಲೋ ವಿಡಿಯೊ ಕಾಲ್‌ನಲ್ಲೋ ಗೆಳತಿಯ ಜೊತೆ ಹಾಡಲು ಹೋಗಬೇಡಿ. ದನಿ ತಲುಪುವುದು ತಡವಾಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಹಾಡು ನಿಧಾನವಾಗುತ್ತಾ ಹೋಗುತ್ತದೆ. ಬದಲಿಗೆ ಅವರ ದನಿ ರೆಕಾರ್ಡ್ ಮಾಡಿ ಕಳಿಸಲಿ.

ಇದೆಲ್ಲಕ್ಕಿಂತ ಒಳ್ಳೆಯದು ನಿಮ್ಮ ಮನೆಯಲ್ಲೇ ಇದೆ. ನಿಮ್ಮ ಮಗ! ಸೊಪ್ರಾನೊ ದನಿ ಕಲಿತುಬಿಟ್ಟಿದ್ದಾನೆ ಅಂದಿರಲ್ಲ. ಎಂಟು ವರ್ಷದ ಮಕ್ಕಳ ದನಿ ಸೊಪ್ರಾನೊ ಸ್ಥಾಯಿಯಲ್ಲೇ ಇರುತ್ತದೆ. ಅವನನ್ನು ಕೋಣೆಯ ಆ ಕಡೆ ನಿಲ್ಲಿಸಿ, ಎರಡರ ತಂಬೂರಿ ಹಾಕಿ, ಎರಡೇ ಸಾಲು ಜೊತೆಗೆ ಹಾಡಿ. ಮೊದಲು ನೀವು ಮೆಲ್ಲಗೆ, ಅವನು ಇನ್ನೂ ಮೆಲ್ಲಗೆ. ಸರಿ ಬರತೊಡಗಿದ ಹಾಗೆ ಅವನು ಹತ್ತಿರ ಬರಲಿ. ಕಿವಿ ಪಕ್ಕ ನಿಂತು ಹಾಡಿದರೂ ನಿಮ್ಮ ಸ್ವರ ಕದಲಲಿಲ್ಲ ಅಂದರೆ ಶನಿವಾರದ ಚಿಂತೆ ಬಿಡಿ. ಮಕ್ಕಳ ಶ್ರುತಿ ಏರುಪೇರಾಗಬಹುದು, ಅದಕ್ಕೇ ತಂಬೂರಿ ಬೇಕು. ಅವನಿಗೆ ಬೇಜಾರಾದರೆ ಅಲ್ಲಿಗೆ ನಿಲ್ಲಿಸಿ. ಇದನ್ನು ಅತ್ತೆಯವರ ಎದುರು ಹಾಡಿ ಅಂತಲೂ ಹೇಳುತ್ತೇನೆ. ಆಲ್ಟೊ ಒಂದನ್ನೇ ಕೇಳಿದರೆ ಅದು ರಾಗವಿಲ್ಲದ ಹಾಡೇ. ಒಂದೇ ಸ್ವರದಲ್ಲಿ ಐದಾರು ಅಕ್ಷರ, ಆಮೇಲೆ ಒಂದು ಮೆಟ್ಟಿಲು ಕೆಳಗೆ, ಮತ್ತೆ ಮೇಲೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಮೊಮ್ಮಗನ ದನಿಯ ಕೆಳಗೆ ಅದು ಕೂತಾಗ ಯಾಕಿದೆ ಅಂತ ತಿಳಿಯುತ್ತದೆ.

ಇನ್ನೊಂದು ಕಲೆ ಬೇಕು, ನಿಮ್ಮ ಮೊದಲ ಸ್ವರವನ್ನು ಬೇರೆಯವರಿಂದ ತೆಗೆದುಕೊಳ್ಳುವುದು. 1741ರಲ್ಲಿ ಹ್ಯಾಂಡೆಲ್ ಬರೆದ ಹಲ್ಲೆಲೂಯಾ ಕೋರಸ್ ಡಿ ಮೇಜರ್‌ನಲ್ಲೇ ಇದೆ, ನೀವೂ ಒಂದು ದಿನ ಹಾಡುತ್ತೀರಿ. ಅದರಲ್ಲಿ ಒಂದು ಕಡೆ ದನಿಗಳು ಒಂದೊಂದಾಗಿ ಬರುತ್ತವೆ. ಮೊದಲು ಬೇಸ್, ಆಮೇಲೆ ಟೆನರ್, ಆಮೇಲೆ ಆಲ್ಟೊ, ಕೊನೆಗೆ ಸೊಪ್ರಾನೊ. ಅಲ್ಲಿ ಸೊಪ್ರಾನೊ ಕಡೆ ಕಿವಿ ಇಟ್ಟುಕೊಂಡು ಕಾಯುತ್ತಿದ್ದರೆ ನಿಮ್ಮ ಸರದಿ ದಾಟಿಹೋಗಿರುತ್ತದೆ. ನಿಮಗಿಂತ ಮುಂಚೆ ಬರುವ ಟೆನರ್ ಏನು ಹಾಡುತ್ತದೆ ಅಂತ ನಿಮಗೆ ಗೊತ್ತಿರಬೇಕು. ಎಲ್ಲ ಹಾಡಿನಲ್ಲೂ ಹೀಗೇ. ಸುಮ್ಮನಿದ್ದು ಮತ್ತೆ ಶುರು ಮಾಡುವ ಪ್ರತಿ ಜಾಗದಲ್ಲೂ, ನನ್ನ ಸ್ವರ ಈಗ ಯಾರ ಬಾಯಲ್ಲಿದೆ ಅಂತ ಹುಡುಕಿ, ಅಲ್ಲಿಂದ ನಿಮ್ಮ ಸ್ವರಕ್ಕೆ ಪೆನ್ಸಿಲ್‌ನಲ್ಲಿ ಒಂದು ಬಾಣ ಎಳೆಯಿರಿ.

ಗಂಟಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಟೀಚರ್. ದನಿಯ ತೊಂದರೆ ಹೆಚ್ಚು ಕಾಣುವ ಉದ್ಯೋಗಗಳಲ್ಲಿ ನಿಮ್ಮದೂ ಒಂದು. ಆಲ್ಟೊ ಸ್ವರಗಳನ್ನು ಹಾಡುವಾಗ ಧ್ವನಿ ತಂತುಗಳು ಸೆಕೆಂಡಿಗೆ 220ರಿಂದ 440 ಸಲ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಒಂದಕ್ಕೊಂದು ತಾಗುತ್ತವೆ. ದಿನವಿಡೀ ಮಕ್ಕಳ ಎದುರು ಗಟ್ಟಿಯಾಗಿ ಮಾತಾಡಿ ಬಂದ ತಂತುಗಳು ಆಗಲೇ ಊದಿಕೊಂಡಿರುತ್ತವೆ. ಅದರ ಮೇಲೆ ಸಂಜೆ ಹಾಡು. ಗುರುವಾರಕ್ಕೆ ಗಂಟಲು ಕಟ್ಟದೆ ಇನ್ನೇನಾಗುತ್ತದೆ?

ಮೆಣಸಿನ ಕಷಾಯ ಧ್ವನಿ ತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ತಂತುಗಳಿರುವುದು ಉಸಿರಿನ ದಾರಿಯಲ್ಲಿ. ಅಲ್ಲಿಗೆ ಒಂದು ಹನಿ ಹೋದರೂ ನೆತ್ತಿಗೆ ಹತ್ತಿ ಕೆಮ್ಮುತ್ತೀರಿ. ಬಿಸಿನೀರು ಹಿತ ಅನಿಸುತ್ತದೆ, ಕುಡಿಯಿರಿ. ಆದರೆ ನಿಜವಾದ ಉಪಕಾರ ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡಿಯುವುದರಿಂದ. ಬರೀ ನೀರಿನ ಆವಿ ತೆಗೆದುಕೊಂಡರೆ ಅದು ತಂತುಗಳನ್ನು ತಲುಪುತ್ತದೆ. ತಣ್ಣನೆಯ ಮೆಂಥಾಲ್ ಮಾತ್ರೆ ಚೀಪಿ ಹಾಡಬೇಡಿ. ನೋವು ಮರೆಯಾಗುತ್ತದೆ, ಊತ ಹಾಗೇ ಇರುತ್ತದೆ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಅಂತ ಬಹಳ ಜನ ನಂಬಿದ್ದಾರೆ. ಒತ್ತಿ ಪಿಸುಗುಟ್ಟುವುದೂ ಆಯಾಸವೇ. ಪದೇಪದೇ ಗಂಟಲು ಕೆರೆದುಕೊಳ್ಳುವುದಂತೂ ತಂತುಗಳನ್ನು ಒಂದಕ್ಕೊಂದು ಬಡಿದ ಹಾಗೆ. ಕೆರೆಯಬೇಕು ಅನಿಸಿದಾಗ ಒಂದು ಗುಟುಕು ನೀರು ನುಂಗಿ. ತರಗತಿಯಲ್ಲಿ ಮಕ್ಕಳನ್ನು ಸುಮ್ಮನಿರಿಸಲು ಕೂಗುವ ಬದಲು ಚಪ್ಪಾಳೆ, ಇಲ್ಲವೇ ಮೇಜಿನ ಮೇಲೊಂದು ಗಂಟೆ ಇರಲಿ.

ಗೋಡೆ ಅಂಟಿಕೊಂಡ ಮನೆಗೂ ದಣಿದ ಗಂಟಲಿಗೂ ಒಟ್ಟಿಗೆ ಆಗಿಬರುವ ಒಂದು ಅಭ್ಯಾಸ ಹೇಳುತ್ತೇನೆ. ಅರ್ಧ ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾದ ತುದಿ ಎರಡು ಬೆರಳಿನಷ್ಟು ನೀರೊಳಗಿರಲಿ. ತುಟಿ ಮುಚ್ಚಿ ಸ್ಟ್ರಾ ಮೂಲಕ 'ಊ' ಅನ್ನುತ್ತಾ ಆಲ್ಟೊ ಸಾಲು ಹಾಡಿ. ನೀರು ಗುಳುಗುಳು ಅನ್ನುತ್ತಿರಬೇಕು, ಕೆನ್ನೆ ಬಿಗಿಯಬಾರದು. ಬಾಯಿಯ ತುದಿಯಲ್ಲಿ ಗಾಳಿಗೆ ತಡೆ ಸಿಕ್ಕಾಗ ಆ ಒತ್ತಡ ಒಳಕ್ಕೆ ಮರಳುತ್ತದೆ, ತಂತುಗಳು ಮೆತ್ತಗೆ ತಾಗುತ್ತವೆ. ಸ್ಪೀಚ್ ಥೆರಪಿಸ್ಟ್‌ಗಳೂ ಇದನ್ನು ಹೇಳಿಕೊಡುತ್ತಾರೆ. ರಾತ್ರಿ ಹತ್ತಕ್ಕೂ ಪಕ್ಕದ ಮನೆಗೆ ಕೇಳುವುದಿಲ್ಲ.

ಮನೆಯ ಕೋಣೆಯ ಬಗ್ಗೆಯೂ ಒಂದು ಮಾತು. ಸೇಂಟ್ ಫಿಲೋಮಿನಾ ಚರ್ಚಿನಂಥ ಎತ್ತರದ ಕಟ್ಟಡದಲ್ಲಿ ಹಾಡಿದರೆ ದನಿ ಮೇಲೆ ಹೋಗಿ ಕೆಲವು ಕ್ಷಣ ಉಳಿಯುತ್ತದೆ. ನಾವು ಹಾಡಿದ್ದು ನಮಗೇ ದೊಡ್ಡದಾಗಿ ಕೇಳುತ್ತದೆ. ಹಾಸಿಗೆ, ಬಟ್ಟೆ, ಪರದೆ ತುಂಬಿದ ಕೋಣೆ ದನಿಯನ್ನು ನುಂಗುತ್ತದೆ. ಸಾಲುತ್ತಿಲ್ಲ ಅನಿಸಿ ನಾವು ಒತ್ತಿ ಹಾಡುತ್ತೇವೆ. ಮನೆ ಅಭ್ಯಾಸ ಅರ್ಧ ದನಿಯಲ್ಲಿ ಇರಲಿ. ಪೂರ್ತಿ ದನಿ ಶನಿವಾರಕ್ಕೆ.

ವಾರವನ್ನು ಹೀಗೆ ಹಂಚಿಕೊಳ್ಳಬಹುದು. ಶನಿವಾರ ರಾತ್ರಿ ಮನೆಗೆ ಬಂದ ಮೇಲೆ ಹಾಡಬೇಡಿ. ತಿದ್ದಿಸಿಕೊಂಡ ಜಾಗಗಳನ್ನು ಒಮ್ಮೆ ಕಣ್ಣಾಡಿಸಿ ಮಲಗಿ. ನಿದ್ದೆಯಲ್ಲಿ ನೆನಪು ಗಟ್ಟಿಯಾಗುತ್ತದೆ. ಭಾನುವಾರ, ಸೋಮವಾರ, ಮಂಗಳವಾರ ಗಂಟಲು ತಾಜಾ ಇರುತ್ತದೆ. ಆ ದಿನಗಳಲ್ಲಿ 15 ನಿಮಿಷ ಹಾಡಿ. ಶುಕ್ರವಾರ ಒಂದೇ ದಿನ ಎರಡು ಗಂಟೆ ಹಾಡುವುದಕ್ಕಿಂತ ಇದು ಎಷ್ಟೋ ಮೇಲು. ಬುಧವಾರ ಬರೀ ಸ್ಟ್ರಾ. ಗುರುವಾರ, ಶುಕ್ರವಾರ ದನಿಯೇ ಬೇಡ. ಬೆರಳಲ್ಲಿ ತಾಳ ಹಾಕುತ್ತಾ ಸಾಹಿತ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ, ಸುಮ್ಮನಿರಬೇಕಾದ ಜಾಗಗಳನ್ನು ಎಣಿಸಿ. ಇಂಗ್ಲಿಷ್ ಸಾಹಿತ್ಯವಾದರೆ ಪದದ ಕೊನೆಯ ವ್ಯಂಜನ ನೋಡಿಕೊಳ್ಳಿ. ನಮ್ಮ ಬಾಯಿ ಅಲ್ಲಿ ಒಂದು 'ಉ' ಸೇರಿಸುತ್ತದೆ, 'ಲಾರ್ಡ್' ಹೋಗಿ 'ಲಾರ್ಡು' ಆಗುತ್ತದೆ. ಕನ್ನಡ ಹಾಡಾದರೆ ಹ್ರಸ್ವದ ಅಕ್ಷರ ಉದ್ದ ಸ್ವರದ ಮೇಲೆ ಬಿದ್ದಿರುವ ಕಡೆ ಎಷ್ಟು ಎಳೆಯಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಮಾಸ್ಟರನ್ನು ಕೇಳಿ. ಎಲ್ಲರೂ ಒಂದೇ ಥರ ಹಾಡಬೇಕಲ್ವಾ.

ಮಂಡ್ಯದಿಂದ ಬರುವ ರೈಲು ನಿಮಗೆ ಸಿಕ್ಕಿರುವ ಒಳ್ಳೆಯ ಸಮಯ. ಪಾಂಡವಪುರ ದಾಟಿದ ಮೇಲೆ ಪ್ರತಿ ತೆಗೆದು, ಬಾಯಿ ತೆರೆಯದೆ ಒಂದು ಹಾಡು ಪೂರ್ತಿ ಮನಸ್ಸಿನಲ್ಲಿ ಹಾಡಿಕೊಳ್ಳಿ. ಯಾವ ಸ್ವರ ಒಳಗೆ ಮೂಡುವುದಿಲ್ಲವೋ ಅದೇ ಸ್ವರ ಸಂಜೆ ಜಾರುತ್ತದೆ. ಶ್ರೀರಂಗಪಟ್ಟಣದಿಂದ ಮೈಸೂರಿನ ತನಕ ಆ ಒಂದು ಜಾಗವನ್ನೇ ನೋಡಿ. ಇಯರ್‌ಫೋನ್ ಇದ್ದರೆ ಸ ಒಂದನ್ನು ಕೇಳಿಕೊಂಡರೆ ಸಾಕು.

ಕೂತಿರುವ ಜಾಗದ ಬಗ್ಗೆ ಮಾಸ್ಟರ್ ಹತ್ತಿರ ಮಾತಾಡಿ. ಹೊಸಬರನ್ನು ಸೊಪ್ರಾನೊ ಅಂಚಿಗೆ ಕೂರಿಸಿದರೆ ಯಾರೇ ಆದರೂ ಜಾರುತ್ತಾರೆ. ಎರಡು ಗಟ್ಟಿ ಆಲ್ಟೊಗಳ ನಡುವೆ, ಹಿಂದೆ ಬೇಸ್ ಅಥವಾ ಟೆನರ್ ಇರುವ ಹಾಗೆ ಜಾಗ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಮೇಲಿನ ಸ್ವರ ಬರದವರನ್ನು ಆಲ್ಟೊಗೆ ತಳ್ಳುತ್ತಾರೆ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೆಳಗಿನ ಸ್ವರಗಳು ತುಂಬಿ ಬರುವವರನ್ನು, ಕಿವಿ ಚೆನ್ನಾಗಿರುವವರನ್ನು ಹುಡುಕಿ ಅಲ್ಲಿ ಹಾಕುತ್ತೇವೆ.

ಒಂದು ವಾರ ಇಷ್ಟು ಮಾಡಿದರೆ ಗುರುವಾರದ ಗಂಟಲು ಹಗುರವಾಗಬೇಕು. ಆಗದೇ ಹೋದರೆ, ಇಲ್ಲವೇ ದನಿ ಒಡೆದಿರುವುದು ಎರಡು ಮೂರು ವಾರ ದಾಟಿದರೆ, ಶನಿವಾರದ ಪ್ರಾಕ್ಟೀಸ್‌ನಲ್ಲಿ ಹಾಡದೆ ಬರೀ ಕೇಳಿಸಿಕೊಳ್ಳಿ, ಮತ್ತು ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ಹಾಡುವಾಗ ನೋವು ಬಂದರೆ ಅಷ್ಟು ದಿನ ಕಾಯುವುದೂ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದನಿಯ ತೊಂದರೆ ಪರೀಕ್ಷಿಸಿ ಥೆರಪಿ ಕೊಡುವ ತಜ್ಞರು ಅಲ್ಲಿದ್ದಾರೆ. ಹೋದಾಗ ಟೀಚರ್ ಅಂತಲೂ ಹೇಳಿ, ಕ್ವಾಯರ್‌ನಲ್ಲಿ ಆಲ್ಟೊ ಹಾಡುತ್ತೇನೆ ಅಂತಲೂ ಹೇಳಿ. ಎರಡೂ ತಿಳಿದರೆ ಅವರು ಕೊಡುವ ಸಲಹೆ ಬೇರೆಯೇ ಇರುತ್ತದೆ.